ಸಾವು ಸಂಬಳವೋ, ವಾಯಿದೆಯೋ? ಇಸ್ಲಾಂ ಮತ್ತು ಕ್ರೈಸ್ತ ಧರ್ಮದಲ್ಲಿ ಪಾಪ, ಮರಣ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹೊನ್ನಾವರದ ಕಡೆಯ ನಿವೃತ್ತ ಮೇಷ್ಟ್ರು. ಮೌಲವಿಯೂ ಅಲ್ಲ, ಪಾದ್ರಿಯೂ ಅಲ್ಲ. ಆದರೆ ನನ್ನ ಕ್ಲಾಸಿನಲ್ಲಿ ಒಂದೇ ಬೆಂಚಿನ ಮೇಲೆ ಇಗರ್ಜಿಗೆ ಹೋಗುವ ಹುಡುಗ, ಮಸೀದಿಗೆ ಹೋಗುವ ಹುಡುಗ ಇಬ್ಬರೂ ಕೂತಿರುತ್ತಿದ್ದರು. ನಮ್ಮ ಜಿಲ್ಲೆಯೇ ಹಾಗೆ. ಭಟ್ಕಳ, ಮುರ್ಡೇಶ್ವರದಲ್ಲಿ ನವಾಯತ ಮುಸ್ಲಿಮರು. ಕಾರವಾರದಿಂದ ಹೊನ್ನಾವರದವರೆಗೆ ಕೊಂಕಣಿ ಮಾತಾಡುವ ಕ್ಯಾಥೋಲಿಕರು. ಕಾರವಾರಕ್ಕೇ ಪ್ರತ್ಯೇಕ ಧರ್ಮಪ್ರಾಂತ್ಯ ಆದದ್ದು 1976ರಲ್ಲಿ. ಘಟ್ಟ ಹತ್ತಿ ಯಲ್ಲಾಪುರ, ಹಳಿಯಾಳಕ್ಕೆ ಹೋದರೆ ಆಫ್ರಿಕಾ ಮೂಲದ ಸಿದ್ದಿಗಳಿದ್ದಾರೆ. ಸಮುದಾಯ ಒಂದೇ, ಧರ್ಮ ಮೂರು: ಹಿಂದೂ, ಮುಸ್ಲಿಂ, ಕ್ರೈಸ್ತ. ಹೀಗಿರುವಾಗ ಯಾರದ್ದಾದರೂ ಮಣ್ಣಿಗೆ ಹೋಗಿ ಬಂದ ದಿನ ಪ್ರಶ್ನೆಗಳು ಏಳುವುದು ಸಹಜ. ಹೆಚ್ಚು ಬಾರಿ ಕೇಳಿಸಿಕೊಂಡ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ.

ಕನ್ನಡದಲ್ಲಿ ನಾವು 'ಪಾಪ' ಅನ್ನುತ್ತೇವಲ್ಲ, ಅವರು ಹೇಳುವ ಪಾಪವೂ ಅದೇನಾ?

ಪೂರ್ತಿ ಅದೇ ಅಲ್ಲ. ತಪ್ಪು ತಿಳಿವಳಿಕೆಯ ಅರ್ಧ ಭಾಗ ಇಲ್ಲೇ ಹುಟ್ಟುವುದು.

ಮಗು ಬಿದ್ದು ಮಂಡಿ ತರಚಿಕೊಂಡರೆ ನಾವು 'ಅಯ್ಯೋ ಪಾಪ' ಅನ್ನುತ್ತೇವೆ. ಯಾರ ತಂಟೆಗೂ ಹೋಗದವನನ್ನು 'ಪಾಪದವನು' ಅನ್ನುತ್ತೇವೆ. ಇನ್ನೊಂದು ಕಡೆ, 'ಹಿಂದಿನ ಜನ್ಮದ ಪಾಪ', 'ಪಾಪದ ಕೊಡ ತುಂಬಿತು', 'ಮಾಡಿದ್ದುಣ್ಣೋ ಮಹರಾಯ'. ಈ ಎರಡನೆಯ ಅರ್ಥದಲ್ಲಿ ಪಾಪ ಅಂದರೆ ತನ್ನಷ್ಟಕ್ಕೆ ನಡೆಯುವ ಒಂದು ಲೆಕ್ಕ. ಅಲ್ಲಿ ಯಾರೂ ಸಿಟ್ಟಾಗಬೇಕಿಲ್ಲ, ಯಾರೂ ಕ್ಷಮಿಸಬೇಕಿಲ್ಲ. ಬಿತ್ತಿದ್ದು ಬೆಳೆಯುತ್ತದೆ, ಅಷ್ಟೇ.

ಇಸ್ಲಾಂ, ಕ್ರೈಸ್ತ ಎರಡರಲ್ಲೂ ಹಿಂದಿನ ಜನ್ಮ ಅನ್ನುವುದಿಲ್ಲ. ಇರುವುದೊಂದೇ ಜನ್ಮ. ಪಾಪ ನಡೆಯುವುದು ದೇವರ ಎದುರು, ಅವನ ಮಾತು ಮೀರಿ. ಹಾಗಾಗಿ ಅವನು ಸಿಟ್ಟಾಗಬಹುದು, ಮನ್ನಿಸಲೂಬಹುದು. ಹೀಬ್ರೂ, ಅರಬ್ಬಿ ಎರಡರಲ್ಲೂ ಪಾಪಕ್ಕಿರುವ ಹಳೆಯ ಮಾತುಗಳಲ್ಲಿ ಒಂದು ಒಂದೇ ಬೇರಿನದು. ಗುರಿ ತಪ್ಪುವುದು, ದಾರಿ ತಪ್ಪುವುದು ಅಂತ ಅದರ ಅರ್ಥ. ನಮ್ಮ ಕೊಂಕಣಿ ಕ್ಯಾಥೋಲಿಕರು 'ಪಾತಕ್' ಅನ್ನುತ್ತಾರೆ. ಉರ್ದುವಿನಲ್ಲಿ 'ಗುನಾ'.

ಆದಮನ ಕಥೆ ಇಬ್ಬರದ್ದೂ ಒಂದೇ ಅಲ್ವಾ?

ಮರ ಒಂದೇ, ಕಥೆ ಬೇರೆ ಬೇರೆ.

ಬೈಬಲಿನ ಆದಿಕಾಂಡದಲ್ಲಿ ಹಾವು ಬಂದು ಹೆಂಗಸಿನ ಹತ್ತಿರ ಮಾತಾಡುತ್ತದೆ. ಅವಳು ತಿಂದು ಗಂಡನಿಗೆ ಕೊಡುತ್ತಾಳೆ. ಕುರಾನಿನಲ್ಲಿ ಹಾವಿಲ್ಲ, ಸೈತಾನನೇ ಬರುತ್ತಾನೆ. ದಾರಿ ತಪ್ಪುವುದು ಇಬ್ಬರೂ. 20ನೇ ಅಧ್ಯಾಯದಲ್ಲಂತೂ ಅವನು ಪಿಸುಗುಟ್ಟುವುದು ಆದಮನಿಗೇ. ಹವ್ವಾ ಅನ್ನುವ ಹೆಸರು ಕುರಾನಿನಲ್ಲಿ ಬರುವುದಿಲ್ಲ, 'ನಿನ್ನ ಸಂಗಾತಿ' ಅಂತಷ್ಟೇ ಇದೆ. ಅಂದಹಾಗೆ, ಸೇಬು ಎರಡೂ ಗ್ರಂಥಗಳಲ್ಲಿಲ್ಲ. ಅದು ಚಿತ್ರ ಬರೆದವರ ಸೇಬು.

ನಿಜವಾದ ವ್ಯತ್ಯಾಸ ತಿಂದ ಮೇಲಿನದು. ಬೈಬಲಿನಲ್ಲಿ ದೇವರು ಕೇಳಿದಾಗ ಗಂಡ ಹೆಂಡತಿಯನ್ನು ತೋರಿಸುತ್ತಾನೆ, ಹೆಂಡತಿ ಹಾವನ್ನು ತೋರಿಸುತ್ತಾಳೆ. (ಈ ಭಾಗ ಓದಿದಾಗಲೆಲ್ಲ ನನಗೆ ನನ್ನ ಏಳನೇ ಕ್ಲಾಸು ನೆನಪಾಗುತ್ತದೆ.) ಅಲ್ಲಿ ಕ್ಷಮೆ ಕೇಳುವ ಮಾತೇ ಬರುವುದಿಲ್ಲ. ತೋಟದ ಬಾಗಿಲು ಮುಚ್ಚುತ್ತದೆ. ಕುರಾನಿನಲ್ಲಿ ಇಬ್ಬರೂ ಒಟ್ಟಿಗೆ, ನಮಗೆ ನಾವೇ ಅನ್ಯಾಯ ಮಾಡಿಕೊಂಡೆವು, ನೀನು ಕ್ಷಮಿಸದಿದ್ದರೆ ನಾವು ಕೆಟ್ಟೆವು ಅಂತ ಬೇಡಿಕೊಳ್ಳುತ್ತಾರೆ. ಆ ಪ್ರಾರ್ಥನೆ 7ನೇ ಅಧ್ಯಾಯದಲ್ಲಿದೆ, ಇವತ್ತಿಗೂ ಮುಸ್ಲಿಮರು ಅದನ್ನು ಹೇಳುತ್ತಾರೆ. ದೇವರು ಕ್ಷಮಿಸುತ್ತಾನೆ. ಅವರು ಭೂಮಿಗೆ ಇಳಿಯುತ್ತಾರೆ, ಆದರೆ ತಪ್ಪಿನ ಲೆಕ್ಕ ಅಲ್ಲಿಗೇ ಮುಗಿದಿರುತ್ತದೆ.

ಮುಂದಿನ ಎಲ್ಲ ಭಿನ್ನಾಭಿಪ್ರಾಯ ಹೊರಡುವುದು ಇಲ್ಲಿಂದ.

ಆದಮ ಮಾಡಿದ ತಪ್ಪಿಗೆ ನಿನ್ನೆ ಹುಟ್ಟಿದ ಮಗು ಹೇಗೆ ಪಾಪಿ ಆಗುತ್ತದೆ?

ಅತಿ ಜಾಸ್ತಿ ಬಂದ ಪ್ರಶ್ನೆ ಇದು. ಕೇಳುವವರು ಹೆಚ್ಚಾಗಿ ಮುಸ್ಲಿಂ ಗೆಳೆಯರು. ಆದರೆ ಇಗರ್ಜಿಗೆ ಹೋಗುವ ತಾಯಂದಿರೂ ಮೆಲ್ಲಗೆ ಕೇಳಿದ್ದಿದೆ.

ಜನ್ಮಪಾಪ ಅಂದರೆ ಅಪ್ಪ ಸೊಸೈಟಿಯಲ್ಲಿ ಮಾಡಿದ ಸಾಲವನ್ನು ಮಗನ ತಲೆಗೆ ಕಟ್ಟಿದ ಹಾಗೆ ಅಂತ ಬಹಳ ಜನ ತಿಳಿದಿದ್ದಾರೆ. ಕ್ಯಾಥೋಲಿಕ್ ಸಭೆ, ಅಂದರೆ ಚರ್ಚು, ಹೇಳುವುದು ಹಾಗಲ್ಲ. ನಾನು ಹೋಲಿಕೆಗೆ ಕುಮಟಾದ ಅಘನಾಶಿನಿ ದಂಡೆಯ, ಒಡ್ಡು ಕಟ್ಟಿ ಉಪ್ಪುನೀರು ತಡೆಯುವ ಗಜನಿ ಗದ್ದೆಗಳನ್ನು ತೆಗೆದುಕೊಳ್ಳುತ್ತೇನೆ. ಅಜ್ಜನ ಕಾಲದಲ್ಲಿ ಒಡ್ಡು ಒಡೆಯಿತು ಅನ್ನಿ. ಉಪ್ಪುನೀರು ನುಗ್ಗಿತು. ಒಡೆದವನು ಅಜ್ಜ. ಮೊಮ್ಮಗ ಹುಟ್ಟಿದ್ದು ಆಮೇಲೆ. ಅವನ ಮೇಲೆ ಯಾವ ಕೇಸೂ ಇಲ್ಲ. ಆದರೆ ಅವನ ಪಾಲಿಗೆ ಬರುವುದು ಉಪ್ಪು ಕುಡಿದ ಗದ್ದೆ. ಅವನು ಏನು ಬಿತ್ತಿದರೂ ಆ ಉಪ್ಪಿನ ಜೊತೆಗೇ ಗುದ್ದಾಡಬೇಕು. ಜನ್ಮಪಾಪ ಅಂದರೆ ಸುಮಾರಾಗಿ ಈ ಉಪ್ಪು. ಅದು ಮಗು 'ಮಾಡಿದ' ಪಾಪ ಅಲ್ಲ, ಮಗುವಿಗೆ 'ಬಂದ' ಸ್ಥಿತಿ ಅಂತ 1992ರಲ್ಲಿ ಬಂದ ಸಭೆಯ ಧರ್ಮೋಪದೇಶ ಗ್ರಂಥವೂ ಬಿಡಿಸಿ ಹೇಳುತ್ತದೆ. ನೀರಿನಿಂದ ಸಭೆಗೆ ಸೇರಿಸಿಕೊಳ್ಳುವ ಜ್ಞಾನಸ್ನಾನ ಕೊಡುವುದು ಅದಕ್ಕೇ.

ಹಾಗಂತ ಕ್ರೈಸ್ತರೆಲ್ಲ ಇದನ್ನು ಒಂದೇ ಥರ ಹೇಳುವುದಿಲ್ಲ. ಈ ವಿಚಾರಕ್ಕೆ ಗಟ್ಟಿ ರೂಪ ಕೊಟ್ಟವರು ಉತ್ತರ ಆಫ್ರಿಕಾದ ಸಂತ ಅಗಸ್ತೀನರು, 354ರಿಂದ 430ರವರೆಗೆ ಬದುಕಿದ್ದವರು. ಮನುಷ್ಯ ತನ್ನ ಪ್ರಯತ್ನದಿಂದಲೇ ಒಳ್ಳೆಯವನಾಗಬಲ್ಲ ಅಂದ ಪೆಲಾಜಿಯಸ್ ಜೊತೆ ಅವರ ವಾದ ವರ್ಷಗಟ್ಟಲೆ ನಡೆಯಿತು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಅಗಸ್ತೀನರಷ್ಟು ದೂರ ಹೋಗಲಿಲ್ಲ. ಆದಮನಿಂದ ನಮಗೆ ಬಂದದ್ದು ಸಾವು ಮತ್ತು ದುರ್ಬಲತೆ, ಅಪರಾಧ ಬರಲಿಲ್ಲ ಅನ್ನುತ್ತಾರೆ ಅವರು.

ಇಸ್ಲಾಂ ಈ ಗದ್ದೆಯನ್ನೇ ಒಪ್ಪುವುದಿಲ್ಲ. ಪ್ರತಿ ಮಗುವೂ 'ಫಿತ್ರ'ದ ಮೇಲೆ, ಅಂದರೆ ದೇವರು ಕೊಟ್ಟ ಸಹಜ ನೇರ ಸ್ವಭಾವದ ಮೇಲೆ ಹುಟ್ಟುತ್ತದೆ ಅಂತ ಪ್ರವಾದಿಯವರ ಮಾತಿದೆ. ಹೊರೆ ಹೊತ್ತವನು ಇನ್ನೊಬ್ಬನ ಹೊರೆ ಹೊರುವುದಿಲ್ಲ ಅನ್ನುವ ಸಾಲು ಕುರಾನಿನಲ್ಲಿ ಒಂದಲ್ಲ, ಐದು ಕಡೆ ಬರುತ್ತದೆ. ಪ್ರತಿಯೊಬ್ಬನಿಗೂ ಹೊಸ ಗದ್ದೆ. ಹಾಗಾದರೆ ಉಪ್ಪು ಎಲ್ಲಿಂದ ಬಂತು? ಮನುಷ್ಯ ಮರೆಗುಳಿ, ದುರ್ಬಲ, ಸೈತಾನ ಬಾಗಿಲಲ್ಲೇ ಇದ್ದಾನೆ ಅಂತ ಕುರಾನು ಹೇಳುತ್ತದೆ. ಹೊಳೆ ಪಕ್ಕದಲ್ಲೇ ಇದೆ, ಒಡ್ಡು ಕಾಯುವುದು ನಿನ್ನ ಕೆಲಸ ಅಂದ ಹಾಗೆ.

ನನಗೆ ಅನ್ನಿಸುವುದು ಹೀಗೆ: ಲೋಕ ಯಾಕೆ ಇಷ್ಟು ಕೆಟ್ಟಿದೆ ಅಂತ ಕೇಳುವವನಿಗೆ ಕ್ರೈಸ್ತರ ಉತ್ತರ ತಾಗುತ್ತದೆ. ನನ್ನ ತಪ್ಪಿಗೆ ನಾನಲ್ಲದೆ ಮತ್ತ್ಯಾರು ಹೊಣೆ ಅಂತ ಕೇಳುವವನಿಗೆ ಇಸ್ಲಾಮಿನ ಉತ್ತರ ತಾಗುತ್ತದೆ. ಪ್ರಶ್ನೆಗಳೇ ಎರಡು.

ಅಪ್ಪನ ಪಾಪ ಮಗನಿಗಿಲ್ಲ ಅಂತ ಬೈಬಲಿನಲ್ಲೂ ಇದೆಯಂತಲ್ಲ?

ಇದೆ. ಯೆಹೆಜ್ಕೇಲ 18ನೇ ಅಧ್ಯಾಯ. ಪಾಪ ಮಾಡಿದವನೇ ಸಾಯುವನು, ಮಗ ತಂದೆಯ ದೋಷ ಹೊರುವುದಿಲ್ಲ ಅಂತ ಸ್ಪಷ್ಟವಾಗಿಯೇ ಇದೆ. ಯೆಹೂದಿ ಧರ್ಮದಲ್ಲಿ ಅಗಸ್ತೀನರ ಥರದ ಜನ್ಮಪಾಪ ಇಲ್ಲದಿರುವುದೂ ಇಲ್ಲಿ ನೆನಪಿಡಬೇಕಾದ್ದು. ಕ್ರೈಸ್ತರು ಇದನ್ನು ಸ್ವಂತ ಪಾಪದ ತೀರ್ಪು ಅಂತ ಓದುತ್ತಾರೆ. ಜನ್ಮಪಾಪಕ್ಕೆ ಅವರು ಆಧಾರ ಮಾಡಿಕೊಳ್ಳುವುದು ಸಂತ ಪೌಲರು ರೋಮನರಿಗೆ ಬರೆದ ಪತ್ರದ 5ನೇ ಅಧ್ಯಾಯವನ್ನು: ಒಬ್ಬ ಮನುಷ್ಯನಿಂದ ಪಾಪ ಲೋಕಕ್ಕೆ ಬಂತು, ಪಾಪದಿಂದ ಸಾವು ಬಂತು.

ಹಾಗಾದರೆ ಪಾಪ ಮಾಡದಿದ್ದರೆ ಮನುಷ್ಯ ಸಾಯುತ್ತಲೇ ಇರಲಿಲ್ವಾ?

ಕನ್ನಡ ಬೈಬಲಿನಲ್ಲಿ ಒಂದು ಮಾತಿದೆ: ಪಾಪವು ಕೊಡುವ ಸಂಬಳ ಮರಣ. ಸಂಬಳ ಅನ್ನುವ ಮಾತೇ ಇಲ್ಲಿ ಮುಖ್ಯ. ಗ್ರೀಕ್ ಮೂಲದಲ್ಲಿ ಅದು ಸಿಪಾಯಿಗೆ ಕೊಡುವ ಪಗಾರು. ಪಾಪದ ಕೈಕೆಳಗೆ ದುಡಿದೆ, ತಿಂಗಳ ಕೊನೆಗೆ ಸಾವು ಸಿಕ್ಕಿತು. ಕ್ಯಾಥೋಲಿಕ್ ಬೋಧನೆಯ ಪ್ರಕಾರ ಮನುಷ್ಯನ ದೇಹ ಸಾಯುವಂಥದ್ದೇ, ಆದರೂ ಪಾಪ ಮಾಡದಿದ್ದರೆ ದೇವರ ಕೃಪೆಯಿಂದ ಸಾವು ಅವನನ್ನು ಮುಟ್ಟುತ್ತಿರಲಿಲ್ಲ. ಅದಕ್ಕೇ ಪೌಲರು ಸಾವನ್ನು 'ಕಡೆಯ ಶತ್ರು' ಅನ್ನುತ್ತಾರೆ. ಶತ್ರು ಅಂದ ಮೇಲೆ ಸೋಲಿಸಲೇಬೇಕಲ್ಲ.

ಕುರಾನು ಸಾವನ್ನು ಶತ್ರು ಅನ್ನುವುದಿಲ್ಲ. 67ನೇ ಅಧ್ಯಾಯದ ಶುರುವಿನಲ್ಲೇ, ನಿಮ್ಮಲ್ಲಿ ಯಾರ ನಡತೆ ಒಳ್ಳೆಯದು ಅಂತ ಪರೀಕ್ಷಿಸಲು ದೇವರು ಸಾವನ್ನೂ ಬದುಕನ್ನೂ ಸೃಷ್ಟಿಸಿದ ಅಂತ ಬರುತ್ತದೆ. ಸಾವು ಮೊದಲು, ಬದುಕು ಆಮೇಲೆ. ಪ್ರತಿಯೊಬ್ಬರಿಗೂ ಒಂದು 'ಅಜಲ್', ನಮ್ಮ ಮಾತಿನಲ್ಲಿ ವಾಯಿದೆ. ಅದು ಒಂದು ಗಳಿಗೆ ಹಿಂದೂ ಆಗುವುದಿಲ್ಲ, ಮುಂದೂ ಆಗುವುದಿಲ್ಲ. ಇನ್ನೊಂದು ವಿಷಯವನ್ನು ಭಟ್ಕಳದ ಒಬ್ಬ ಹಿರಿಯರು ನನಗೆ ತೋರಿಸಿಕೊಟ್ಟರು. 2ನೇ ಅಧ್ಯಾಯದಲ್ಲಿ, ಹಣ್ಣಿನ ಮಾತು ಬರುವ ಮೊದಲೇ ದೇವರು ದೇವದೂತರಿಗೆ, ಭೂಮಿಯಲ್ಲಿ ಒಬ್ಬ ಪ್ರತಿನಿಧಿಯನ್ನು ಇಡುತ್ತೇನೆ ಅನ್ನುತ್ತಾನೆ. ಅಂದರೆ ಭೂಮಿಗೆ ಬರುವುದು ಮೊದಲೇ ಗೊತ್ತಾದ ಕೆಲಸ. "ಮೇಷ್ಟ್ರೇ, ನೌಕರಿಯ ಆರ್ಡರು ಮೊದಲೇ ಆಗಿತ್ತು" ಅಂದರು ಅವರು. 'ಸಾವೇ ಇಲ್ಲದ ಬದುಕಿನ ಮರ ತೋರಿಸಲೇ' ಅಂತ ಆದಮನಿಗೆ ಆಸೆ ಹುಟ್ಟಿಸುವವನು ಸೈತಾನ. ಕುರಾನಿನ ಕಥೆಯಲ್ಲಿ ಸಾಯದೇ ಇರುವ ಆಸೆಯೇ ಗಾಳ.

ಯೇಸು ಸಾಯಬೇಕಾಗಿ ಬಂದದ್ದು ಯಾಕೆ? ಮುಸ್ಲಿಮರು ಅದನ್ನು ಒಪ್ಪುವುದಿಲ್ಲ ಯಾಕೆ?

ಮೇಲಿನ ಉತ್ತರದ ಬೆನ್ನಿಗೇ ಇದು ಬರುತ್ತದೆ. ಗದ್ದೆ ಪೂರ್ತಿ ಉಪ್ಪಾಗಿದ್ದರೆ ಒಳಗಿದ್ದವನು ತಾನೇ ತೊಳೆಯಲಾರ, ಹೊರಗಿನಿಂದ ಸಿಹಿನೀರು ಬರಬೇಕು. ಕ್ರೈಸ್ತರಿಗೆ ಯೇಸುವಿನ ಶಿಲುಬೆ ಮತ್ತು ಪುನರುತ್ಥಾನ ಆ ನೀರು. ಆದಮನಲ್ಲಿ ಎಲ್ಲರೂ ಸಾಯುವಂತೆ ಕ್ರಿಸ್ತನಲ್ಲಿ ಎಲ್ಲರೂ ಬದುಕುವರು ಅಂತ ಪೌಲರು ಇಬ್ಬರನ್ನೂ ಜೋಡಿಸುತ್ತಾರೆ.

ಆದಮನಿಗೆ ಅಲ್ಲೇ ಕ್ಷಮೆ ಸಿಕ್ಕಿದ್ದರೆ ಇನ್ನೊಬ್ಬರು ಪ್ರಾಣ ಕೊಡುವ ಅಗತ್ಯವೇ ಬರುವುದಿಲ್ಲ. ಹಾಗಾಗಿ ಇಸ್ಲಾಮಿನಲ್ಲಿ ಈಸಾ (ಯೇಸುವಿಗೆ ಅಲ್ಲಿನ ಹೆಸರು) ದೊಡ್ಡ ಪ್ರವಾದಿ, ಮರ್ಯಮರ ಮಗ, ಪಾಪ ಹೊರುವವರಲ್ಲ. ಅವರನ್ನು ಶಿಲುಬೆಗೆ ಏರಿಸಲಿಲ್ಲ ಅನ್ನುತ್ತದೆ ಕುರಾನಿನ 4ನೇ ಅಧ್ಯಾಯ. ಈ ಒಂದು ವಿಷಯದಲ್ಲಿ ನಡುದಾರಿ ಇಲ್ಲ. ಇದೆ ಅಂತ ಹೇಳುವವರು ಇಬ್ಬರನ್ನೂ ಸರಿಯಾಗಿ ಕೇಳಿಸಿಕೊಂಡಿಲ್ಲ.

ದೊಡ್ಡ ಪಾಪ, ಸಣ್ಣ ಪಾಪ ಅಂತ ಇದೆಯಾ?

ಎರಡರಲ್ಲೂ ಇದೆ. ಕ್ಯಾಥೋಲಿಕರಲ್ಲಿ ಪಾಪ ಮಾರಕವಾಗಲು ಮೂರು ಸೇರಬೇಕು: ವಿಷಯ ಗಂಭೀರ ಇರಬೇಕು, ಅದು ತಪ್ಪೆಂದು ಗೊತ್ತಿರಬೇಕು, ಮನಸ್ಸು ಮಾಡಿಯೇ ಮಾಡಿರಬೇಕು. ಇಸ್ಲಾಮಿನಲ್ಲಿ ದೊಡ್ಡದಕ್ಕೆ ಕಬೀರ, ಸಣ್ಣದಕ್ಕೆ ಸಗೀರ ಅನ್ನುತ್ತಾರೆ. ದೇವರಿಗೆ ಪಾಲುದಾರರನ್ನು ಕಟ್ಟುವುದು ಎಲ್ಲಕ್ಕಿಂತ ದೊಡ್ಡದು. ಕೊಲೆ, ಬಡ್ಡಿ, ಅನಾಥರ ಆಸ್ತಿ ತಿನ್ನುವುದು, ಮರ್ಯಾದಸ್ಥ ಹೆಣ್ಣಿನ ಮೇಲೆ ಅಪವಾದ ಹೊರಿಸುವುದು ಎಲ್ಲ ಕಬೀರಗಳೇ. ಕೊನೆಯದನ್ನು ನಮ್ಮ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂರುವವರು ಸ್ವಲ್ಪ ಕೇಳಿಸಿಕೊಳ್ಳಬೇಕು.

ಕ್ಷಮೆ ಕೇಳುವುದು ಯಾರ ಹತ್ತಿರ?

ಕ್ಯಾಥೋಲಿಕರು ಪಾದ್ರಿಯ ಹತ್ತಿರ ಹೋಗಿ ಹೇಳಿಕೊಳ್ಳುತ್ತಾರೆ. ಕೊಂಕಣಿಯಲ್ಲಿ ಅದು 'ಕುಮ್ಸಾರ್'. ಕ್ಷಮಿಸುವವನು ದೇವರು, ಪಾದ್ರಿ ಅವನ ಹೆಸರಿನಲ್ಲಿ ಆ ಮಾತು ಹೇಳುತ್ತಾರೆ. ಕೇಳಿದ್ದನ್ನು ಅವರು ಯಾವ ಕಾರಣಕ್ಕೂ ಹೊರಗೆ ಹಾಕುವಂತಿಲ್ಲ, ಪೊಲೀಸರಿಗೂ ಹೇಳುವಂತಿಲ್ಲ.

ಮುಸ್ಲಿಮರು ಮಧ್ಯೆ ಯಾರನ್ನೂ ಇಡುವುದಿಲ್ಲ. ಮೌಲವಿಗೆ ಹೇಳುವ ಕೆಲಸವೇ ಇಲ್ಲ. ದೇವರು ಮುಚ್ಚಿಟ್ಟ ತಪ್ಪನ್ನು ತಾನೇ ಊರಿಗೆ ಸಾರುವುದೇ ಇನ್ನೊಂದು ತಪ್ಪು. ನಾವು ಸುಮ್ನೆ ಕೆನ್ನೆ ಬಡಿದುಕೊಂಡು 'ತೋಬಾ ತೋಬಾ' ಅನ್ನುತ್ತೇವಲ್ಲ, ನಿಜವಾದ ತೌಬಾ ಅಷ್ಟು ಸಸ್ತಾ ಅಲ್ಲ. ತಪ್ಪನ್ನು ಬಿಡಬೇಕು, ಅದಕ್ಕಾಗಿ ಮರುಗಬೇಕು, ಮತ್ತೆ ಮಾಡುವುದಿಲ್ಲ ಅಂತ ಗಟ್ಟಿ ಮಾಡಬೇಕು. ಬೇರೆಯವರ ಹಕ್ಕು ಮುರಿದಿದ್ದರೆ ಅದನ್ನು ಅವರಿಗೇ ತಿರುಗಿಸಬೇಕು. ದೇವರ ಹಕ್ಕನ್ನು ದೇವರು ಮನ್ನಿಸಿಯಾನು, ಮನುಷ್ಯನ ಹಕ್ಕನ್ನು ಆ ಮನುಷ್ಯನೇ ಮನ್ನಿಸಬೇಕು.

ಇದು ಬರೀ ಮಾತಲ್ಲ, ಮಣ್ಣಿನ ಹೊತ್ತಿನಲ್ಲಿ ಕಣ್ಣಿಗೆ ಕಾಣುತ್ತದೆ. ಜನಾಜಾ ನಮಾಜಿನ, ಅಂದರೆ ಹೂಳುವ ಮುಂಚೆ ಸತ್ತವರಿಗಾಗಿ ಮಾಡುವ ಪ್ರಾರ್ಥನೆಯ ಮೊದಲು ಮನೆಯವರು ಎದ್ದು ನಿಂತು, ತೀರಿಕೊಂಡವರಿಂದ ಯಾರಿಗಾದರೂ ಬರಬೇಕಾದ್ದು ಇದ್ದರೆ ನಮ್ಮನ್ನು ಕೇಳಿ ಅನ್ನುವುದುಂಟು. ಸಾಲ ತೀರಿಸದೆ ಸತ್ತವನ ಜನಾಜಾ ನಡೆಸಲು ಪ್ರವಾದಿಯವರು ಹಿಂಜರಿದರು, ಒಬ್ಬರು ಆ ಸಾಲವನ್ನು ತಾವು ಹೊತ್ತ ಮೇಲೆಯೇ ನಮಾಜು ಮಾಡಿದರು ಅಂತ ಹದೀಸಿದೆ, ಅಂದರೆ ಪ್ರವಾದಿಯವರ ನಡೆನುಡಿಯ ದಾಖಲೆ. ನಾನು ಮೊದಲ ಸಲ ಆ ಪ್ರಕಟಣೆ ಕೇಳಿದ್ದು ನನ್ನ ಹಳೆಯ ವಿದ್ಯಾರ್ಥಿಯ ತಂದೆ ತೀರಿಕೊಂಡಾಗ. ಅವರ ಅಂಗಡಿಗೆ ನಾನೇ 340 ರೂಪಾಯಿ ಕೊಡಬೇಕಿತ್ತು. ಮಗನ ಕೈಗೆ ಆ ಸಂಜೆಯೇ ಕೊಟ್ಟು ಬಂದೆ.

ಜೀವನ ಪೂರ್ತಿ ಹೇಗೋ ಬದುಕಿ, ಕೊನೆ ಗಳಿಗೆಯಲ್ಲಿ ಕೈಮುಗಿದರೆ?

ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನಿಗೆ, ಇವತ್ತೇ ನನ್ನ ಜೊತೆ ಪರದೈಸಿನಲ್ಲಿರುವೆ ಅನ್ನುವ ಮಾತು ಸಿಕ್ಕಿತು. ಇದು ಲೂಕನ ಸುವಾರ್ತೆಯಲ್ಲಿದೆ. ಇಸ್ಲಾಮಿನಲ್ಲಿ ಗಂಟಲಲ್ಲಿ ಕೊನೆಯ ಗೊರಗೊರ ಶುರುವಾಗುವ ತನಕ ಬಾಗಿಲು ತೆರೆದಿರುತ್ತದೆ. ಸಾವು ಎದುರು ಬಂದು ನಿಂತ ಮೇಲೆ ಇಲ್ಲ. ನೀರಲ್ಲಿ ಮುಳುಗುತ್ತ 'ನಂಬಿದೆ' ಅಂದ ಈಜಿಪ್ಟಿನ ದೊರೆ ಫಿರೌನನಿಗೆ 'ಈಗಲೋ?' ಅನ್ನುವ ಉತ್ತರ ಬಂತು.

ಎಳೆ ಮಗು ತೀರಿಕೊಂಡರೆ?

ಇಸ್ಲಾಮಿನಲ್ಲಿ ಉತ್ತರ ನೇರ. ಪಾಪವೇ ಇಲ್ಲದ ಜೀವ, ಸ್ವರ್ಗಕ್ಕೆ ಹೋಗುತ್ತದೆ.

ಕ್ರೈಸ್ತರಿಗೆ ಇದು ಶತಮಾನಗಳ ಸಂಕಟ. ಜ್ಞಾನಸ್ನಾನ ಆಗದೇ ಸತ್ತ ಮಕ್ಕಳಿಗೆ ನೋವೂ ಇಲ್ಲದ, ದೇವದರ್ಶನವೂ ಇಲ್ಲದ 'ಲಿಂಬೊ' ಅನ್ನುವ ಅಂಚಿನ ಜಾಗ ಇದೆ ಅಂತ ಹಿಂದೆ ಪಂಡಿತರು ಊಹಿಸಿದ್ದರು. ಅದು ಎಂದೂ ಸಭೆಯ ಕಡ್ಡಾಯ ನಂಬಿಕೆ ಆಗಿರಲಿಲ್ಲ. 2007ರಲ್ಲಿ ವ್ಯಾಟಿಕನ್ನಿನ ದೈವಶಾಸ್ತ್ರ ಆಯೋಗ, ಆ ಮಕ್ಕಳೂ ದೇವರ ಕೃಪೆಗೆ ಸೇರುತ್ತಾರೆ ಅಂತ ಆಶಿಸಲು ಗಟ್ಟಿ ಕಾರಣಗಳಿವೆ ಎಂದಿತು. ಎಷ್ಟು ತಾಯಂದಿರು ಅದಕ್ಕೂ ಮೊದಲೇ ಮಣ್ಣಾಗಿ ಹೋದರೋ.

ಸತ್ತವರಿಗಾಗಿ ನಾವು ಮಾಡಿದ್ದು ಅವರಿಗೆ ತಲುಪುತ್ತದಾ?

ಇಲ್ಲಿ ಒಂದು ತಮಾಷೆ ಇದೆ. ಕ್ಯಾಥೋಲಿಕರು, ಮುಸ್ಲಿಮರು ಇಬ್ಬರೂ ಸತ್ತವರಿಗಾಗಿ ಪ್ರಾರ್ಥಿಸುತ್ತಾರೆ. ಪ್ರಾಟೆಸ್ಟೆಂಟರು ಸಾಮಾನ್ಯವಾಗಿ ಪ್ರಾರ್ಥಿಸುವುದಿಲ್ಲ. ಕ್ಯಾಥೋಲಿಕರ ನಂಬಿಕೆಯಲ್ಲಿ ಸ್ವರ್ಗಕ್ಕೆ ಮೊದಲು ತೊಳೆದುಕೊಳ್ಳುವ ಸ್ಥಿತಿ ಒಂದಿದೆ, ಕೊಂಕಣಿಯಲ್ಲಿ ಪುರ್ಗಾತೊರ್. ಅಲ್ಲಿರುವವರಿಗಾಗಿ ಪೂಜೆ ಹೇಳಿಸುತ್ತಾರೆ. ನವೆಂಬರ್ 2ರಂದು ಸಮಾಧಿಗಳ ಮೇಲೆ ಹೂವು, ಮೇಣದಬತ್ತಿ ಇಡುತ್ತಾರೆ. ಇಸ್ಲಾಮಿನಲ್ಲಿ ಸಾವಿಗೂ ಕಿಯಾಮತ್ತಿಗೂ (ಕೊನೆಯ ತೀರ್ಪಿನ ದಿನಕ್ಕೂ) ನಡುವಿನ ಕಾಲ 'ಬರ್ಜಖ್'. ಮನುಷ್ಯ ಸತ್ತ ಮೇಲೆ ಅವನ ಲೆಕ್ಕಕ್ಕೆ ಮೂರು ಬಂದು ಸೇರುತ್ತಲೇ ಇರುತ್ತವೆ: ನಿಂತು ಉಪಯೋಗಕ್ಕೆ ಬರುವ ದಾನ, ಕಲಿಸಿ ಹೋದ ವಿದ್ಯೆ, ಪ್ರಾರ್ಥಿಸುವ ಒಳ್ಳೆಯ ಮಕ್ಕಳು. ಬಾವಿ ತೋಡಿಸುವುದು, ಮದರಸಾ ಕಟ್ಟಿಸುವುದು ಇದಕ್ಕೇ.

ಸಮುದ್ರಕ್ಕೆ ಹೋಗಿ ಹೆಣವೂ ಸಿಗದಿದ್ದರೆ?

ಈ ಪ್ರಶ್ನೆ ಶಿರಸಿಯಲ್ಲಿ ಯಾರೂ ಕೇಳಲಿಲ್ಲ. ದಡದಲ್ಲಿ ಎಲ್ಲರೂ ಕೇಳಿದ್ದಾರೆ.

ಮುಳುಗಿ ಸತ್ತವನು ಶಹೀದ್, ಅಂದರೆ ಹುತಾತ್ಮ, ಅಂತ ಪ್ರವಾದಿಯವರು ಹೇಳಿದ್ದಾರೆ. ಹೆಣ ಎದುರಿಗಿಲ್ಲದೆ ಜನಾಜಾ ನಮಾಜು ಮಾಡಬಹುದೇ ಅನ್ನುವುದರಲ್ಲಿ ಪಂಥಗಳಿಗೆ ಭೇದ ಇದೆ. ನವಾಯತರು ಶಾಫಿ ಪಂಥದವರು, ಅವರಲ್ಲಿ ಮಾಡಬಹುದು. ದುಬೈಯಲ್ಲೋ ಸೌದಿಯಲ್ಲೋ ಭಟ್ಕಳದವರು ತೀರಿಕೊಂಡು ಅಲ್ಲೇ ಮಣ್ಣಾದರೆ ಇಲ್ಲಿ ನಮಾಜು ನಡೆಸಲು ದಾರಿ ಇದೆ. ಹನಫಿ ಪಂಥ ಇದನ್ನು ಒಪ್ಪುವುದಿಲ್ಲ.

ಕ್ರೈಸ್ತರು ಹೆಣ ಸಿಗದಿದ್ದರೂ ಪೂಜೆ ಹೇಳಿಸುತ್ತಾರೆ. ಬೈಬಲಿನ ಕೊನೆಯ ಪುಸ್ತಕದಲ್ಲಿ, ಸಮುದ್ರವು ತನ್ನೊಳಗಿದ್ದ ಸತ್ತವರನ್ನು ಒಪ್ಪಿಸಿತು ಅನ್ನುವ ಮಾತಿದೆ. ದೋಣಿ ತಿರುಗಿ ಬಾರದ ಮನೆಯಲ್ಲಿ ಆ ಒಂದು ಸಾಲಿನ ತೂಕ ಬೇರೆಯೇ.

ಸುಡಬಹುದಾ?

ಇಸ್ಲಾಮಿನಲ್ಲಿ ಇಲ್ಲ. ಮೂರು ಹಿಡಿ ಮಣ್ಣು ಹಾಕುತ್ತ, ಇದರಿಂದಲೇ ನಿಮ್ಮನ್ನು ಮಾಡಿದೆವು, ಇದಕ್ಕೇ ಮರಳಿಸುತ್ತೇವೆ, ಇದರಿಂದಲೇ ಮತ್ತೆ ಎಬ್ಬಿಸುತ್ತೇವೆ ಅನ್ನುವ ಕುರಾನಿನ ಸಾಲು ಹೇಳುತ್ತಾರೆ. ಈಸ್ಟರಿಗೆ ಮುಂಚಿನ ಉಪವಾಸದ ಕಾಲ ಶುರುವಾಗುವ ಬೂದಿ ಬುಧವಾರ ಪಾದ್ರಿ ಹಣೆಗೆ ಬೂದಿ ಹಚ್ಚಿ ಹೇಳುವುದೂ ಹತ್ತಿರ ಹತ್ತಿರ ಇದೇ: ನೀನು ಮಣ್ಣು, ಮಣ್ಣಿಗೇ ಸೇರುವೆ. ಕ್ಯಾಥೋಲಿಕರಿಗೆ 1963ರಿಂದ ಸುಡಲು ಅನುಮತಿ ಇದೆ, ಆದರೂ ಹೂಳುವುದೇ ಮೇಲು ಅನ್ನುತ್ತಾರೆ. ಬೂದಿಯನ್ನು ಹೊಳೆಗೆ, ಸಮುದ್ರಕ್ಕೆ ಬಿಡುವಂತಿಲ್ಲ.

ಸಾವಿನ ಮನೆಗೆ ಹೋದರೆ ನಾನು ಏನು ಹೇಳಬೇಕು?

ಮುಸ್ಲಿಮರ ಮನೆಯಲ್ಲಿ 'ಇನ್ನಾ ಲಿಲ್ಲಾಹಿ' ಅಂತ ಶುರುವಾಗುವ ಮಾತು ಕೇಳುತ್ತೀರಿ: ನಾವು ದೇವರಿಗೆ ಸೇರಿದವರು, ಅವನಲ್ಲಿಗೇ ಮರಳುವವರು. ಅದು ಬಾರದಿದ್ದರೆ ಸುಮ್ಮನೆ ಕೂತರೂ ನಡೆಯುತ್ತದೆ. ದುಃಖ ಹಿಡಿಯುವುದು ಮೂರು ದಿನ. ಗಂಡ ಸತ್ತ ಹೆಂಗಸಿಗೆ ನಾಲ್ಕು ತಿಂಗಳು ಹತ್ತು ದಿನದ ಇದ್ದತ್, ಅಂದರೆ ಮರುಮದುವೆ ಆಗದೆ ಕಾಯುವ ಅವಧಿ. ಕ್ರೈಸ್ತರ ಮನೆಯಲ್ಲಿ ಪ್ರಾರ್ಥನೆ ನಡೆಯುತ್ತಿದ್ದರೆ ಹಿಂದೆ ನಿಂತುಕೊಳ್ಳಿ. 'ಅವರ ಕರ್ಮ' ಅನ್ನುವ ಮಾತು ಎರಡೂ ಕಡೆ ಬೇಡ. ನಾನು ಒಮ್ಮೆ ಬಾಯಿತಪ್ಪಿ ಅಂದು, ಆ ಮನೆಯ ಬಾಯಮ್ಮ ನನ್ನನ್ನು ನೋಡಿದ ರೀತಿ ಇನ್ನೂ ಮರೆತಿಲ್ಲ.

ಊಟ ತೆಗೆದುಕೊಂಡು ಹೋಗಬಹುದು. ತಮ್ಮ ಬಂಧು ಜಾಫರರು ತೀರಿಕೊಂಡಾಗ ಅವರ ಮನೆಯವರಿಗೆ ಅಡಿಗೆ ಮಾಡಿಕೊಡಿ ಅಂತ ಪ್ರವಾದಿಯವರೇ ಹೇಳಿದ್ದರು. ನಮ್ಮ ಓಣಿಯಲ್ಲಿ ಗಂಜಿ, ಉಪ್ಪಿನಕಾಯಿ ಹೋಗುತ್ತದೆ. ಪಾತ್ರೆಯನ್ನು ಅವತ್ತೇ ವಾಪಸು ಕೇಳಬೇಡಿ.